ಹೊಗೆ ಇಲ್ಲದ ಮನೆಯ ಮೇಷ್ಟ್ರು

ಹೋದ ವಾರ ಹೊಸನಗರದ ನಮ್ಮ ಹೈಸ್ಕೂಲಿನಲ್ಲಿ ಮೇಷ್ಟ್ರ ಶ್ರದ್ಧಾಂಜಲಿ ಸಭೆ ನಡೆಯಿತು. ಎಂಟು ಜನ ಮಾತಾಡಿದರು. ಒಬ್ಬರು ಅವರನ್ನು ಋಷಿ ಎಂದರು, ಇನ್ನೊಬ್ಬರು ದಾರಿದೀಪ ಎಂದರು. ಪಂಚಾಯ್ತಿಯ ಹಳೆಯ ಸದಸ್ಯರೊಬ್ಬರು ಅವರ ಮನೆಯನ್ನು ಸ್ಮಾರಕ ಮಾಡಬೇಕೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಇಪ್ಪತ್ತು ವರ್ಷ ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಕೂತವಳು, ಅವರ ಪಕ್ಕದ ಮನೆಯವಳು ಎಂದು ನನ್ನನ್ನೂ ಮೈಕಿನ ಮುಂದೆ ನಿಲ್ಲಿಸಿದರು. "ಮೇಷ್ಟ್ರು ಯಾವತ್ತೂ ಬೆಲ್ಲಿಗಿಂತ ಮೊದಲೇ ಶಾಲೆಗೆ ಬರುತ್ತಿದ್ದರು" ಎಂದಷ್ಟೇ ಹೇಳಿ ಕೆಳಗಿಳಿದೆ. ಅದು ನಿಜವಾದ ಮಾತು. ಉಳಿದ ನಿಜ ಹೇಳೋಣವೆಂದರೆ ಮೊದಲ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು. ಆಮೇಲೆ ಅವರೇ "ಬರಿ ಮಾರಾಯ್ತಿ, ಹೆಸರೊಂದು ಹಾಕ್ಬೇಡ" ಎಂದಿದ್ದರಿಂದ ಬರೆಯುತ್ತಿದ್ದೇನೆ. ಮೇಷ್ಟ್ರು ಮೇಷ್ಟ್ರಾಗಿಯೇ ಇರಲಿ. ಹೆಂಡತಿಯನ್ನು ಲಲಿತಕ್ಕ ಎಂದು ಕರೆಯುತ್ತೇನೆ.

ಅವರು ವಿಜ್ಞಾನದ ಮೇಷ್ಟ್ರು, ನಾನು ಕನ್ನಡದ ಟೀಚರು. ಮೊದಲ ದಿನದಿಂದಲೂ ನಮ್ಮಿಬ್ಬರಿಗೆ ಅಷ್ಟಕ್ಕಷ್ಟೆ. ಮಾತಾಡುವಾಗ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿಕೊಳ್ಳುವ ಅಭ್ಯಾಸ ಅವರಿಗಿತ್ತು. ಎದುರಿಗಿದ್ದವರು ಮಸುಕಾಗಿ ಕಂಡರೆ ಅವರ ಮಾತಿಗೆ ಕಿವಿಗೊಡಬೇಕಾಗಿಲ್ಲ ಎಂಬ ಅನುಕೂಲ ಅದರಲ್ಲಿತ್ತೇನೋ. ಸ್ಟಾಫ್ ರೂಮಿನಲ್ಲಿ ಯಾರು ಏನೇ ಹೇಳಿದರೂ "ಅಂಕಿಅಂಶ ಇಲ್ದೆ ಮಾತಾಡ್ಬಾರ್ದು" ಎನ್ನುವರು. ಒಂದು ದಿನ ನಾನು ಚಳಿ ಜಾಸ್ತಿಯಾಯಿತು ಎಂದದ್ದಕ್ಕೂ ಅದನ್ನೇ ಹೇಳಿದರು. ಎಷ್ಟು ಡಿಗ್ರಿ ಎಂದು ನನಗೆ ಗೊತ್ತಿರಲಿಲ್ಲ, ನನಗೆ ಆಗುತ್ತಿದ್ದುದು ಚಳಿ ಮಾತ್ರ. ಅವರ ಇನ್ನೊಂದು ಮೆಚ್ಚಿನ ಮಾತು ತ್ಯಾಗ. ಬದಲಾವಣೆ ಬೇಕೆಂದರೆ ತ್ಯಾಗ ಬೇಕು ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಈ ತ್ಯಾಗವನ್ನು ಯಾರು ಮಾಡಬೇಕು ಎಂಬುದು ನನಗೆ ಅರ್ಥವಾದದ್ದು ಸಿಗಂದೂರಿಗೆ ಶಾಲೆಯ ಪ್ರವಾಸ ಹೋದಾಗ. ಆಗ ಸೇತುವೆ ಇರಲಿಲ್ಲ, ಅಣೆಕಟ್ಟಿನ ಹಿನ್ನೀರನ್ನು ಲಾಂಚಿನಲ್ಲೇ ದಾಟಬೇಕಿತ್ತು. ನಡುನೀರಿನಲ್ಲಿ ಮೇಷ್ಟ್ರು ಕನ್ನಡಕ ಮೇಲೇರಿಸಿ, ಈ ನೀರಿನಿಂದ ಹುಟ್ಟುವ ಕರೆಂಟು ಎಷ್ಟು ಶುದ್ಧ, ಇದರಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ, ಯಾರಿಗೂ ಏನೂ ನಷ್ಟವಿಲ್ಲ ಎಂದು ಪಾಠ ಶುರುಮಾಡಿದರು. ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಬ್ಯಾಕೋಡಿನ ಮುದುಕರೊಬ್ಬರು ಪೂರ್ತಿ ಕೇಳಿಸಿಕೊಂಡು, "ನಮ್ಮನೆ ಇದ್ರ ಕೆಳಗೇ ಇತ್ತು ಸಾರ್. ನೀವೀಗ ನಿಂತಿದ್ದೀರಲ್ಲ, ಹೆಚ್ಚುಕಮ್ಮಿ ಅಲ್ಲೇ" ಎಂದರು. ಮಕ್ಕಳು ತಟ್ಟನೆ ನೀರಿನತ್ತ ಬಗ್ಗಿ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿದ್ದರು. ಮೇಷ್ಟ್ರು ಮಕ್ಕಳ ಕಡೆ ತಿರುಗಿ, "ನೋಡಿ, ತ್ಯಾಗಕ್ಕೆ ಉದಾಹರಣೆ" ಎಂದು ಆ ಮುದುಕರನ್ನು ಕೈಮಾಡಿ ತೋರಿಸಿ ಪಾಠ ಮುಂದುವರಿಸಿದರು. ಮುದುಕರು ಚೀಲ ಎತ್ತಿಕೊಂಡು ಲಾಂಚಿನ ಇನ್ನೊಂದು ತುದಿಗೆ ಹೋಗಿ ನಿಂತರು.

ರಿಟೈರ್ ಆದ ಮೇಲೆ ಪಾಠ ಹೇಳಲು ಮಕ್ಕಳು ಸಿಗಲಿಲ್ಲ, ಮನೆ ಸಿಕ್ಕಿತು. ಮೊದಲು ಮಾಡಿನ ಮೇಲೆ ಸೋಲಾರ್ ಫಲಕ ಬಂತು, ಆಮೇಲೆ ನೀರು ಕಾಯಿಸುವ ಸೋಲಾರ್ ಟ್ಯಾಂಕು, ಆಮೇಲೆ ಹಿತ್ತಿಲಿನಲ್ಲಿ ಅಡಿಗೆಮನೆಯ ಕಸ ತಿಂದು ಗ್ಯಾಸ್ ಕೊಡುವ ನೀಲಿ ಡ್ರಮ್ಮು. ಇವೆಲ್ಲ ಒಳ್ಳೆಯವೇ. ನಮ್ಮ ಮನೆಯಲ್ಲೂ ಸೋಲಾರ್ ಇದೆ. ಆದರೆ ಒಂದಿಷ್ಟು ಕೂಡಿಸಿಕೊಂಡರೆ ಅವರಿಗೆ ತೃಪ್ತಿಯಿಲ್ಲ, ಇದ್ದದ್ದನ್ನು ಕಳೆಯಬೇಕು, ಅದೂ ನಾಲ್ಕು ಜನರೆದುರು. ಮಾರ್ಚಿನಲ್ಲಿ, ಅರಣ್ಯ ದಿನದಂದು ಊರಿನವರನ್ನೆಲ್ಲ ಕರೆಸಿ, ಲೈನ್‌ಮನ್ನಿಗೆ ಹಾರ ಹಾಕಿ, ಮನೆಯ ಕರೆಂಟಿನ ಲೈನನ್ನೇ ತೆಗೆಸಿಬಿಟ್ಟರು. ಹಾರ ಹಾಕಿಸಿಕೊಂಡು ಕರೆಂಟು ತೆಗೆದದ್ದು ತನ್ನ ಸರ್ವೀಸಿನಲ್ಲೇ ಇದೇ ಮೊದಲು ಎಂದು ಆ ಲೈನ್‌ಮನ್ ಇವತ್ತಿಗೂ ಹೇಳಿಕೊಂಡು ನಗುತ್ತಾನೆ.

ಅದೇ ದಿನ ಬಚ್ಚಲು ಒಲೆಯನ್ನೂ ಕಿತ್ತರು. ನಮ್ಮ ಕಡೆ ಸ್ನಾನದ ನೀರು ಕಾಯುವುದು ಬಚ್ಚಲು ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆಯಲ್ಲಿ. ಅದಕ್ಕೆ ಮರ ಕಡಿಯುವವರು ಯಾರೂ ಇಲ್ಲ. ಬಿದ್ದ ಸೋಗೆ, ತೆಂಗಿನ ಚಿಪ್ಪು, ಅಡಿಕೆ ಸಿಪ್ಪೆ, ಮನೆಯಲ್ಲಿ ಯಾವುದು ಬೇಡವೋ ಅದು ಆ ಒಲೆಗೆ. ಇದನ್ನು ಹೇಳಿದ್ದಕ್ಕೆ ನನಗೆ ಮತ್ತೆ ಅಂಕಿಅಂಶ ಕೇಳಿದರು. ಹಾರೆಯಿಂದ ಮೊದಲ ಏಟು ಅವರೇ ಹಾಕಿದರು, ಫೋಟೋ ಆದ ಮೇಲೆ ಉಳಿದದ್ದನ್ನು ಕೂಲಿಯವರು ಹಾಕಿದರು. ಹಂಡೆಯನ್ನು ಅಂಗಳಕ್ಕೆ ತಂದು ಮಣ್ಣು ತುಂಬಿ ಗುಲಾಬಿ ನೆಡುವುದೆಂದಾಯಿತು. ಅದು ಲಲಿತಕ್ಕನ ಮದುವೆಯಲ್ಲಿ ಕೋಣಂದೂರಿನ ತವರಿನವರು ಕೊಟ್ಟ ಹಂಡೆ. ಲಲಿತಕ್ಕ ಬಾಗಿಲಲ್ಲಿ ನಿಂತು, "ಗಿಡ ಬೇಕಾರೆ ಹಾಕಿ. ತಳಕ್ಕೆ ತೂತು ಮಾತ್ರ ಮಾಡ್ಬೇಡಿ" ಎಂದರು. ನೀರು ಬಸಿಯದಿದ್ದರೆ ಬೇರು ಕೊಳೆಯುತ್ತದೆ ಎಂದು ಮೇಷ್ಟ್ರು ವಿವರಿಸಿ, ಉಳಿಯಿಟ್ಟು ಮೂರು ತೂತು ಹೊಡೆಸಿದರು. ಪಕ್ಕದಲ್ಲೊಂದು ಬೋರ್ಡು ನಿಂತಿತು: ಹೊಗೆ ಇಲ್ಲದ ಮನೆ.

ಆ ಬೇಸಿಗೆಯಲ್ಲಿ ಅವರ ಸೋಲಾರ್ ಟ್ಯಾಂಕಿನ ನೀರು ಕೈ ಸುಡುತ್ತಿತ್ತು. ನೋಡಲು ಬಂದವರನ್ನೆಲ್ಲ ಬಚ್ಚಲಿಗೆ ಕರೆದೊಯ್ದು ನಲ್ಲಿ ತಿರುಗಿಸಿ, "ಮುಟ್ಟಿ ನೋಡಿ" ಎನ್ನುತ್ತಿದ್ದರು. ಏಪ್ರಿಲ್ಲಿನಲ್ಲಿ ಬಿಸಿನೀರು ಯಾರಿಗೆ ಬೇಕು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಜೂನ್ ಬಂತು. ಇಲ್ಲಿ ಮೂರು ತಿಂಗಳು ಸೂರ್ಯ ಮುಖ ತೋರಿಸುವುದಿಲ್ಲ ಎಂಬುದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಮೇಷ್ಟ್ರು ಮಾತ್ರ ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು, ಹೋಂವರ್ಕ್ ಮಾಡದೆ ಬಂದ ಹುಡುಗನನ್ನು ನೋಡುವ ಹಾಗೆ ಆಕಾಶವನ್ನು ನೋಡುತ್ತಿದ್ದರು. ಟ್ಯಾಂಕಿನ ನೀರು ಹಳ್ಳದ ನೀರಿಗಿಂತ ತಣ್ಣಗಿತ್ತು. ಅವರೇನೋ ತಣ್ಣೀರು ಸ್ನಾನ ಶುರುಮಾಡಿ, ಅದರಿಂದ ನರ ಚುರುಕಾಗುತ್ತದೆ ಎಂಬುದನ್ನೂ ಭಾಷಣಕ್ಕೆ ಸೇರಿಸಿಕೊಂಡರು.

ನೀಲಿ ಡ್ರಮ್ಮಿನ ಕಥೆ ಇನ್ನೊಂದು. ಥಂಡಿಗೆ ಅದರೊಳಗಿನ ಕಸ ಕೊಳೆಯುವುದೇ ನಿಧಾನವಾಗಿ, ದಿನಕ್ಕೆ ಎರಡು ಲೋಟ ಕಾಫಿ ಆಗುವಷ್ಟು ಗ್ಯಾಸ್ ಬರುತ್ತಿತ್ತು. ಆ ಎರಡು ಲೋಟ ಬಂದವರಿಗೆ ಮೀಸಲು. ಮನೆಯ ಅನ್ನ ಸಾರು ಬೇಯುತ್ತಿದ್ದುದು ಸಿಲಿಂಡರಿನಲ್ಲಿ. ಯಾರಾದರೂ ಬಂದರೆ ಸಿಲಿಂಡರಿನ ಮೇಲೆ ಹಳೆಯ ಪರದೆ ಹೊದೆಸಿ, ಅದರ ಮೇಲೊಂದು ಹೂದಾನಿ ಇಡುತ್ತಿದ್ದರು. ಒಮ್ಮೆ ತೀರ್ಥಹಳ್ಳಿಯಿಂದ ಬಂದ ಅತಿಥಿಯೊಬ್ಬರು ಸ್ಟೂಲೆಂದುಕೊಂಡು ಅದರ ಮೇಲೆ ಕೂರಲು ಹೋಗಿದ್ದರು. ವರ್ಷಕ್ಕೆ ಎರಡೇ ಸಿಲಿಂಡರ್ ಎಂದು ಮೇಷ್ಟ್ರು ಸಭೆಗಳಲ್ಲಿ ಘೋಷಿಸಿಬಿಟ್ಟಿದ್ದರಿಂದ ಅದರಲ್ಲಿ ನೀರು ಕಾಯಿಸುವ ಹಾಗಿರಲಿಲ್ಲ. ಒಂದು ಚೊಂಬು ನೀರನ್ನೂ.

ಲಲಿತಕ್ಕನಿಗೆ ಬೆರಳಿನ ಗಂಟುಗಳ ವಾತ. ಮಳೆ ಹಿಡಿಯಿತೆಂದರೆ ಬೆಳಿಗ್ಗೆ ಏಳುವಾಗ ಹತ್ತೂ ಬೆರಳು ಮಡಚಿಕೊಂಡೇ ಇರುತ್ತಿದ್ದವು. ಲೋಟ ಹಿಡಿಯಲಾಗದು, ಸೀರೆಯ ನೆರಿಗೆ ಹಿಡಿಯಲಾಗದು. ಬೆಳಿಗ್ಗೆ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಕೈ ಅದ್ದಿ, ಬಿಸಿನೀರಲ್ಲೇ ಸ್ನಾನ ಮಾಡಬೇಕು, ಇಲ್ಲವಾದರೆ ಬೆರಳು ಹಾಗೇ ಸೆಟೆದುಕೊಂಡು ನಿಂತುಬಿಡುತ್ತವೆ ಎಂದು ತೀರ್ಥಹಳ್ಳಿಯ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಒಲೆ ಇದ್ದಷ್ಟು ವರ್ಷ ಅದೊಂದು ಸಮಸ್ಯೆಯೇ ಆಗಿರಲಿಲ್ಲ. ಈಗ ಒಲೆಯಿಲ್ಲ, ಹಂಡೆಗೆ ತೂತು, ಗೀಸರ್ ಹಾಕಿಸೋಣವೆಂದರೆ ಲೈನಿಲ್ಲ. ಮಕ್ಕಳೂ ಇಲ್ಲದ ಅವರ ಪರವಾಗಿ ಹೇಳುವವರು ನಾನೊಬ್ಬಳೇ. ಹೋಗಿ ಹೇಳಿದೆ. "ಮೇಷ್ಟ್ರೇ, ಮಳೆಗಾಲಕ್ಕಾದ್ರೂ ಒಂದು ಒಲೆ ಹಾಕಿಸಿ. ಅಕ್ಕನ ಕೈ ನೋಡಿದ್ರಾ?" ಅವರು ಕನ್ನಡಕ ಮೇಲೇರಿಸಿದರು. "ನೋಡಿದೀನಿ ಮೇಡಂ. ಆದ್ರೆ ನಾಳೆ ಜನ ನೋಡಕ್ಕೆ ಬಂದ್ರೆ ನಾನು ಎಂತ ತೋರಿಸ್ಲಿ? ಸೋತೆ ಅಂತ ತೋರಿಸ್ಲಾ?" ಎಂದರು. ಒಂದು ಒಲೆ ಹಚ್ಚಿದರೆ ಸೋಲಾಗುವ ಆ ಗೆಲುವು ಎಂಥದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಇಷ್ಟರಲ್ಲಿ ನಮ್ಮ ಮನೆಗೆ ಮಂಜಪ್ಪ ಬಂದ. ನಮ್ಮ ಶಾಲೆಯಲ್ಲೇ ಓದಿ, ವಿಜ್ಞಾನದಲ್ಲಿ ಎರಡು ಸಲ ಫೇಲಾದವನು. "ನಿಂಗೆ ಕರೆಂಟಿನ ವಿಷ್ಯದಲ್ಲಿ ಶಾಕ್ ಹೊಡಿಸ್ಕೊಳ್ಳೋದೊಂದೇ ಗೊತ್ತು" ಎಂದು ಮೇಷ್ಟ್ರು ಇಡೀ ಕ್ಲಾಸಿನೆದುರು ಅವನಿಗೆ ಹೇಳಿದ್ದು ನಾನೇ ಕೇಳಿದ್ದೇನೆ. ಈಗ ಅವನಿಗೆ ನಲವತ್ತು ದಾಟಿದೆ, ಸಾಗರದಲ್ಲಿ ವರ್ಕ್‌ಶಾಪು ಇಟ್ಟುಕೊಂಡು ಹಳ್ಳದ ನೀರಿಗೆ ತಿರುಗುವ ಸಣ್ಣ ಟರ್ಬೈನು ಮಾಡಿ ಕೂರಿಸುತ್ತಾನೆ. ನಮ್ಮ ಹಿತ್ತಿಲಿನ ಗುಡ್ಡದಿಂದ ಇಳಿಯುವ ಹಳ್ಳಕ್ಕೆ ಮೇಲೆ ಒಂದು ಪುಟ್ಟ ಕಟ್ಟೆ ಕಟ್ಟಿ, ಪೈಪಿನಲ್ಲಿ ನೀರು ಇಳಿಸಿ, ಕೆಳಗೆ ಬಕೀಟಿನಷ್ಟು ದೊಡ್ಡ ಚಕ್ರ ಇಟ್ಟ. ದೀಪಕ್ಕೆ, ಮಿಕ್ಸಿಗೆ ಬಳಸಿ ಉಳಿದ ಕರೆಂಟು ಎಲ್ಲಿಗಾದರೂ ಹೋಗಬೇಕಲ್ಲ, ಅದನ್ನು ಬಚ್ಚಲಿನ ಟ್ಯಾಂಕಿಗೆ ಬಿಟ್ಟು ನೀರು ಕಾಯುವಂತೆ ಮಾಡಿದ. ಮಳೆ ಜೋರಾದಷ್ಟೂ ನಮ್ಮ ಸ್ನಾನದ ನೀರು ಬಿಸಿ. ಸಂಕ್ರಾಂತಿಯ ಹೊತ್ತಿಗೆ ಹಳ್ಳ ಬತ್ತಿದರೆ ಸೋಲಾರ್ ಇದ್ದೇ ಇದೆ. ನಮ್ಮ ಒಲೆಯನ್ನು ನಾವು ಒಡೆಯಲಿಲ್ಲ, ಹಚ್ಚುವುದು ಮರೆತೇ ಹೋಯಿತು. ನಮ್ಮ ಮನೆಯ ಫೋಟೋ ಯಾರೂ ತೆಗೆಯಲಿಲ್ಲ.

ನೀರು ಎರಡು ಮನೆಗೂ ಸಾಕಾಗುವಷ್ಟಿತ್ತು. ಮೇಷ್ಟ್ರ ಮನೆಗೂ ವೈರು ಎಳೆದುಕೊಡುತ್ತೇನೆ ಎಂದು ಮಂಜಪ್ಪನೇ ಹೋಗಿ ಕೈಕಟ್ಟಿ ನಿಂತು ಹೇಳಿದ. ಮೇಷ್ಟ್ರು ಬಂದರು, ಚಕ್ರದ ಸುತ್ತ ಮೂರು ಸುತ್ತು ಹಾಕಿದರು, ಇದರ ದಕ್ಷತೆ ಎಷ್ಟು ಎಂದು ಕೇಳಿದರು. "ಅದೆಲ್ಲ ಗೊತ್ತಿಲ್ಲ ಸಾರ್. ನೀರು ಬಿದ್ರೆ ತಿರುಗ್ತದೆ" ಎಂದ ಮಂಜಪ್ಪ. ಸೂತ್ರ ಹೇಳು ಎಂದರು. ಅವನು ತಲೆ ತಗ್ಗಿಸಿದ. ನಲವತ್ತು ದಾಟಿದ ಗಂಡಸು, ಹತ್ತಾರು ಮನೆಗೆ ಬೆಳಕು ಕೊಟ್ಟವನು, ಒಂಬತ್ತನೇ ಕ್ಲಾಸಿನ ಹುಡುಗನಾಗಿ ನಿಂತುಬಿಟ್ಟ. "ಸಿದ್ಧಾಂತ ಗೊತ್ತಿಲ್ದೋನ ಮಿಷನ್ನು ನನ್ನ ಮನೆಗೆ ಬೇಡ" ಎಂದು ಹೇಳಿ ಮೇಷ್ಟ್ರು ಹೊರಟರು. ಬೇಲಿಯಾಚೆ ಲಲಿತಕ್ಕ ನಿಂತು ಇಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದರು. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಮರುದಿನ ಬೆಳಿಗ್ಗೆ ಬೇಲಿಯ ಎರಡು ಗೂಟ ಕಿತ್ತು ದಾರಿ ಮಾಡಿ, "ನಾಳೆಯಿಂದ ಸ್ನಾನಕ್ಕೆ ಇಲ್ಲಿಗೇ ಬನ್ನಿ ಅಕ್ಕ" ಎಂದೆ. ಮೇಷ್ಟ್ರು ಆರು ಗಂಟೆಗೆ ಕೊಡೆ ಹಿಡಿದು ವಾಕಿಂಗ್ ಹೊರಟ ಮೇಲೆ ಲಲಿತಕ್ಕ ಸೆರಗಿನೊಳಗೆ ಟವೆಲ್ ಮುಚ್ಚಿಟ್ಟುಕೊಂಡು ಬರುತ್ತಿದ್ದರು. ಬಕೀಟಿನ ಬಿಸಿನೀರಿಗೆ ಎರಡೂ ಕೈ ಇಳಿಬಿಟ್ಟು, ಬೆರಳು ಒಂದೊಂದಾಗಿ ಬಿಚ್ಚಿಕೊಳ್ಳುವ ತನಕ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಆಮೇಲೆ ಸ್ನಾನ, ಆಮೇಲೆ ನನ್ನ ಕಾಫಿ. ಮೇಷ್ಟ್ರು ವಾಪಸು ಬರುವುದರೊಳಗೆ ಮನೆ ಸೇರಿಕೊಳ್ಳಬೇಕು. ಕದ್ದು ಸಿನಿಮಾಕ್ಕೆ ಹೋಗುವ ವಯಸ್ಸಿನಲ್ಲೂ ಏನನ್ನೂ ಕದ್ದು ಮಾಡದ ಹೆಂಗಸು, ಅರವತ್ತು ದಾಟಿದ ಮೇಲೆ ಬಿಸಿನೀರು ಕದಿಯುವಂತಾಯಿತು. ಹೀಗೆ ನಾಲ್ಕು ಮಳೆಗಾಲ ನಡೆಯಿತು.

ಎರಡನೇ ವರ್ಷ ಆಷಾಢದಲ್ಲಿ ಶಿವಮೊಗ್ಗದಿಂದ ಪತ್ರಿಕೆಯವಳೊಬ್ಬಳು ಬಂದಳು. ನಾನೂ ಅಲ್ಲಿದ್ದೆ. ಮೇಷ್ಟ್ರ ಮಾತೆಲ್ಲ ಬರೆದುಕೊಂಡು ಲಲಿತಕ್ಕನನ್ನು ಕೇಳಿದಳು: "ಈ ಮಳೇಲೂ ಬಿಸಿನೀರು ಬರುತ್ತಾ ಅಮ್ಮ?" ಲಲಿತಕ್ಕನ ಕೂದಲು ಇನ್ನೂ ಒದ್ದೆ, ಬೆಳಿಗ್ಗೆಯಷ್ಟೇ ನಮ್ಮ ಬಚ್ಚಲಿನಲ್ಲಿ ಮಿಂದು ಹೋದವರು. "ತೊಂದ್ರೆ ಇಲ್ಲ, ಚೆನ್ನಾಗಿದೆ" ಎಂದರು. ಮೇಷ್ಟ್ರು ಮಾಡಿನ ಕಡೆ ನೋಡುತ್ತಿದ್ದರು. ಆಷಾಢದಲ್ಲೂ ಈ ಮನೆಯ ಗೃಹಿಣಿ ಸೂರ್ಯನ ಬಿಸಿನೀರಲ್ಲಿ ಮೀಯುತ್ತಾರೆ ಎಂದು ಭಾನುವಾರ ಅಚ್ಚಾಯಿತು. ಆ ಪೇಪರನ್ನು ಮೇಷ್ಟ್ರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಎಂತಕ್ಕೆ ಸುಮ್ಮನಿದ್ದಿರಿ ಎಂದು ನಾನು ಲಲಿತಕ್ಕನನ್ನು ತರಾಟೆಗೆ ತೆಗೆದುಕೊಂಡೆ. "ಊರೆಲ್ಲ ನಗ್ತಿತ್ತಲ್ಲೇ. ನಗೆ ತಡ್ಕೊಳ್ಳೋ ಶಕ್ತಿ ಅವ್ರಿಗಿಲ್ಲ" ಎಂದರು. ಚಳಿ ತಡೆದುಕೊಳ್ಳುವ ಶಕ್ತಿ ಇವರಿಗಿದೆಯೇ ಎಂದು ಕೇಳುವವರು ಆ ಮನೆಯಲ್ಲಿ ಇರಲಿಲ್ಲ.

ಈ ಸಲ ಜುಲೈನಲ್ಲಿ ಮೇಷ್ಟ್ರಿಗೆ ಎದೆನೋವು ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು, ಎರಡು ದಿನಕ್ಕೆ ಮುಗಿಯಿತು. ಆ ಗಡಿಬಿಡಿಯಲ್ಲೇ ನಮ್ಮ ಮನೆಯ ನೀರು ತಣ್ಣಗಾಗುತ್ತ ಬಂದದ್ದನ್ನು ನಾವು ಗಮನಿಸಿದರೂ ತಲೆ ಕೆಡಿಸಿಕೊಳ್ಳಲಿಲ್ಲ. ವಾರದೊಳಗೆ ಚಕ್ರ ನಿಂತೇಹೋಯಿತು. ಮಿಷನ್ ಕೆಟ್ಟಿತು ಎಂದುಕೊಂಡು ಹಳೆಯ ಒಲೆಗೆ ಬೆಂಕಿ ಹಾಕಿದೆವು. ಹೋದ ವಾರದ ಸಭೆಗೆ ಮಂಜಪ್ಪ ಸಾಗರದಿಂದ ಬಂದಿದ್ದ. ಅವನಿಗೆ ಯಾರೂ ಮೈಕು ಕೊಡಲಿಲ್ಲ. ಸಭೆ ಮುಗಿಸಿ ಮನೆಗೆ ಕರೆತಂದು, ಸ್ವಲ್ಪ ನೋಡು ಎಂದೆ. ಗುಡ್ಡ ಹತ್ತಿ ಕಟ್ಟೆಯ ತನಕ ಹೋಗಿ, ಎರಡೂ ಕೈ ತುಂಬ ಕೊಳೆತ ಎಲೆ ಹಿಡಿದುಕೊಂಡು ಇಳಿದು ಬಂದ.

"ಮಿಷನ್ ಸರಿ ಇದೆ ಮೇಡಂ. ಪೈಪಿನ ಬಾಯಿಗೆ ಹಾಕಿದ ಜಾಲರಿಗೆ ಎಲೆ ಕಟ್ಕೊಂಡಿದೆ. ಮಳೆಗಾಲ್ದಲ್ಲಿ ದಿನಾ ಬೆಳಿಗ್ಗೆ ತೆಗೀಬೇಕು ಅಂತ ಅವತ್ತೇ ಹೇಳಿದ್ನಲ್ಲ. ಒಂದು ವಾರ ಬಿಟ್ರೂ ನೀರು ಇಳಿಯಲ್ಲ. ಇಷ್ಟು ವರ್ಷ ಯಾರು ತೆಗೀತಿದ್ರು?"

ನಾನು ನಮ್ಮ ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಬೆಳಿಗ್ಗೆ ಹೂ ಕೊಯ್ಯಲು ಹೋದಾಗ ನಾನು ತೆಗೆಯುತ್ತೇನೆ ಎಂದು ಅವರು ತಿಳಿದಿದ್ದರು. ಪೈಪು ನೋಡಲು ಹೋದಾಗ ಅವರು ತೆಗೆಯುತ್ತಾರೆ ಎಂದು ನಾನು. ನಾಲ್ಕು ವರ್ಷ ಇಬ್ಬರೂ ಒಮ್ಮೆಯೂ ಕೇಳಿಕೊಂಡಿಲ್ಲ. ಅಂಕಿಅಂಶ ಕೇಳದ ಮನೆ ನಮ್ಮದು, ನಮ್ಮ ಅಸಡ್ಡೆಗೂ ಒಂದು ಛೀಮಾರಿ ಇಲ್ಲಿಯೇ ಇರಲಿ. ಮಂಜಪ್ಪ ಮತ್ತೆ ಮೇಲೆ ಹೋಗಿ ಕಟ್ಟೆಯ ಪಕ್ಕದ ಬಂಡೆಯ ಸಂದಿಯಿಂದ ಒಂದು ವಸ್ತು ತಂದ. ಮರದ ಮೀಟರ್ ಸ್ಕೇಲು. ಒಂದು ತುದಿಗೆ ಮೊಳೆ ಬಗ್ಗಿಸಿ ಸಾಲಾಗಿ ಹೊಡೆದು ಎಲೆ ಎಳೆಯುವ ಕುಂಟೆ ಮಾಡಿದ್ದರು. ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ಕು ಸುತ್ತಿತ್ತು. ನಮ್ಮ ಶಾಲೆಯ ಲ್ಯಾಬಿನ ಕೆಂಪು ನಂಬರು ಅದರ ಮೇಲೆ ಇನ್ನೂ ಇತ್ತು. "ಇದು ಮೇಷ್ಟ್ರದ್ದು. ಇದ್ರ ಏಟು ನಂಗೆ ಗೊತ್ತಿದೆ" ಎಂದು ಹೇಳಿ ಮಂಜಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. "ನನ್ನ ಮಿಷನ್ ನೋಡ್ಕೋತಿದ್ರಾ ಅವ್ರು" ಎಂದ. ಕಣ್ಣು ಒರೆಸಿಕೊಂಡ.

ಆರು ಗಂಟೆಯ ವಾಕಿಂಗ್ ಎಲ್ಲಿಗೆ ಎಂಬುದು ಆಗ ತಿಳಿಯಿತು. ಹೆಂಡತಿ ಎಲ್ಲಿ ಮೀಯುತ್ತಾಳೆ ಎಂಬುದು ಆ ಮನುಷ್ಯನಿಗೆ ಮೊದಲಿನಿಂದಲೂ ಗೊತ್ತಿತ್ತು. ಅವಳ ನೀರು ತಣ್ಣಗಾಗದಿರಲೆಂದು, ಬೇಡವೆಂದು ಬಿಟ್ಟ ಮಿಷನ್ನಿನ ಬಾಯಿಂದ ದಿನಾ ಎಲೆ ಎಳೆದು ಹಾಕುತ್ತಿದ್ದರು. "ಹೆಂಡ್ತಿ ಮೇಲೆ ಎಷ್ಟು ಜೀವ ನೋಡು" ಎಂದರು ಯಜಮಾನರು. ನನಗೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಜಾರುವ ಬಂಡೆಯ ಮೇಲೆ ನಾಲ್ಕು ಮಳೆಗಾಲ ಬಗ್ಗಿ ನಿಲ್ಲಬಲ್ಲ ಮನುಷ್ಯನಿಗೆ ಮಂಜಪ್ಪನನ್ನು ಕರೆದು "ಒಂದು ವೈರು ಎಳೆಯಪ್ಪ" ಎನ್ನಲು ಆಗಲಿಲ್ಲ. ಇದನ್ನು ಕಥೆ ಮಾಡಿ ಹೇಳಿದರೆ ಆ ಎಂಟು ಜನ ಭಾಷಣಕಾರರು ಎದ್ದುನಿಂತು ಚಪ್ಪಾಳೆ ತಟ್ಟುತ್ತಾರೆ. ನಾನು ಇದನ್ನು ಹೇಡಿತನ ಎನ್ನುತ್ತೇನೆ. ಅದರೊಳಗೆ ಪ್ರೀತಿ ಇತ್ತು ಎಂಬುದನ್ನೂ ಒಪ್ಪುತ್ತೇನೆ, ಅದಕ್ಕೇ ಹೆಚ್ಚು ಹೊಟ್ಟೆ ಉರಿಯುತ್ತದೆ.

ಮರುದಿನ ಆ ಸ್ಕೇಲನ್ನು ಪೇಪರಿನಲ್ಲಿ ಸುತ್ತಿಕೊಂಡು ಲಲಿತಕ್ಕನ ಮನೆಗೆ ಹೋದೆ. ಮಂಜಪ್ಪ ವೈರು ಎಳೆಯುತ್ತಾನಂತೆ ಎಂದೆ. "ಇವತ್ತೇ ಎಳೀಲಿ" ಎಂದರು, ಒಂದು ಕ್ಷಣವೂ ಯೋಚಿಸದೆ. ಆಮೇಲೆ ಪೇಪರು ಬಿಚ್ಚಿ ಸ್ಕೇಲು ತೋರಿಸಿ, ಸಿಕ್ಕಿದ್ದೆಲ್ಲಿ ಎಂದು ಹೇಳಿದೆ. ಅವರು ನೋಡಿದರು, ಮುಟ್ಟಲಿಲ್ಲ.

"ಗೊತ್ತಿತ್ತಾ ಅಕ್ಕ?" ಎಂದು ಕೇಳಿದೆ.

"ಗೊತ್ತಿಲ್ದೆ ಎಂತ ಮಾರಾಯ್ತಿ" ಎಂದರು. "ರಸ್ತೇಲಿ ವಾಕಿಂಗ್ ಹೋದೋರ ಪಂಚೆ ಮೊಣಕಾಲಿನ ತನಕ ಕೆಸರಾಗ್ತದಾ? ನಾನು ನಿಮ್ಮನೇಲಿ ಬೆರಳು ಸಡಿಲ ಮಾಡ್ಕೊಂಡು ಬರೋದು, ಬಂದ್ಕೂಡ್ಲೆ ಆ ಪಂಚೆ ಒಗ್ದು ಹಿಂಡೋದು. ನಾಲ್ಕು ಮಳೆಗಾಲ ಅದೇ ಆತು."

ಮಡಿಲಲ್ಲಿದ್ದ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡರು.

"ತಣ್ಣೀರಲ್ಲಿ" ಎಂದರು.